ಬಾಕಿ ಚಿಲ್ಲರೆ

ಕೆಲವು ವರ್ಷಗಳ ಹಿಂದೆ ಇದೇ ಅಂಕಣದಲ್ಲಿ ವಿದ್ಯುತ್ ರಾಕೆಟ್‌ಗಳ ಬಗ್ಗೆ ಬರೆಯುತ್ತಾ ಆರ್ಕ್‌ಜೆಟ್ಟನ್ನು ಎರಡೇ ಸಾಲಿನಲ್ಲಿ ಮುಗಿಸಿಬಿಟ್ಟಿದ್ದೆ. ಕೊಟ್ಟ ಕರೆಂಟಿನಲ್ಲಿ ಮೂರರಲ್ಲಿ ಎರಡು ಪಾಲು ಪೋಲು ಮಾಡುವ ಯಂತ್ರ, ಅಯಾನ್ ಎಂಜಿನ್ನಿನ ಮುಂದೆ ನಿಲ್ಲಲಾರದೆ ಮೂಲೆ ಸೇರಿತು ಅಂತ. ಬರೆದಾಗ ಬಹಳ ಧೈರ್ಯ ಇತ್ತು, ಯಾಕಂದ್ರೆ ಪಕ್ಕದಲ್ಲಿ ರಾಬರ್ಟ್ ಜಾನ್ ಅವರ 'ಫಿಸಿಕ್ಸ್ ಆಫ್ ಎಲೆಕ್ಟ್ರಿಕ್ ಪ್ರೊಪಲ್ಷನ್' ತೆರೆದುಕೊಂಡು ಕೂತಿದ್ದೆ. 1968ರ ಪುಸ್ತಕ. ಈ ವಿದ್ಯೆಯನ್ನು ಒಂದೇ ಕಡೆ ಕಟ್ಟಿಕೊಟ್ಟ ಪುಸ್ತಕ ಅಂತ ಇವತ್ತಿಗೂ ಅದರ ಹೆಸರೇ ಹೇಳ್ತಾರೆ.

ಅದನ್ನು ಓದಿದ ಹಿರಿಯರೊಬ್ಬರು ಫೋನ್ ಮಾಡಿದರು. ಉಪಗ್ರಹಗಳ ಕೆಲಸದಲ್ಲೇ ಆಯುಷ್ಯ ಸವೆಸಿ ನಿವೃತ್ತರಾದವರು. "ಪುಸ್ತಕ ಸರಿಯಾಗೇ ಇದೆ ಮಾರಾಯ್ರೇ, ನೀವು ಓದಿದ್ದು ಸರಿ ಇಲ್ಲ" ಅಂದರು. 1993ರಲ್ಲಿ ಏನಾಯ್ತು ಅಂತ ಒಮ್ಮೆ ನೋಡಿ ಅಂತಲೂ ಹೇಳಿ ಇಟ್ಟರು. ಮಾತು ಚುಚ್ಚಿತು. ಪುಸ್ತಕವನ್ನು ಮತ್ತೆ ಕೈಗೆತ್ತಿಕೊಂಡೆ, ಈ ಸಲ ಪೆನ್ಸಿಲ್ ಹಿಡಿದು. ಈಗ ಅನ್ನಿಸುತ್ತಿರೋದು: ಆ ಹಿರಿಯರು ಹೇಳಿದ್ದು ಮುಕ್ಕಾಲು ಪಾಲು ನಿಜ. ಉಳಿದ ಕಾಲು ಪಾಲಿಗೆ ಪುಸ್ತಕವೂ ಉತ್ತರ ಕೊಡಬೇಕು.

ಆರ್ಕ್‌ಜೆಟ್ ಅಂದ್ರೆ ಏನು ಅಂತ ಮೊದಲು ಹೇಳಿಬಿಡ್ತೀನಿ. ರಸ್ತೆ ಬದಿಯ ವೆಲ್ಡಿಂಗ್ ಅಂಗಡಿಯಲ್ಲಿ ರಾಡಿನ ತುದಿಗೂ ಕಬ್ಬಿಣಕ್ಕೂ ನಡುವೆ ಕಣ್ಣು ಕುಕ್ಕುವ ಹಾಗೆ ಹೊತ್ತುತ್ತಲ್ಲ, ಅದೇ ಆರ್ಕ್. ಅದನ್ನು ಒಂದು ಪುಟ್ಟ ನಳಿಕೆಯೊಳಗೆ ಹೊತ್ತಿಸಿ, ಅದರ ಮೈಮೇಲಿಂದ ಅನಿಲ ಹರಿಸಿದರೆ ಆರ್ಕ್‌ಜೆಟ್ ಆಯಿತು. ನಡುವೆ ಟಂಗ್‌ಸ್ಟನ್ ಕಡ್ಡಿ, ಅದು ಕ್ಯಾಥೋಡ್. ಸುತ್ತಲಿನ ನಳಿಕೆಯೇ ಆನೋಡ್. ಸಣ್ಣ ಯಂತ್ರಗಳಲ್ಲಿ ಈ ನಳಿಕೆಯ ಕತ್ತು ಒಂದು ಮಿಲಿಮೀಟರಿಗಿಂತ ಕಿರಿದು. ಆರ್ಕ್ ಅತ್ತಿತ್ತ ವಾಲದೆ ಮಧ್ಯದಲ್ಲಿ ನಿಲ್ಲಲಿ ಅಂತ ಅನಿಲವನ್ನು ಸುಳಿಯ ಹಾಗೆ ತಿರುಗಿಸಿ ಒಳಗೆ ಬಿಡ್ತಾರೆ. ಆರ್ಕಿನ ನಡುಭಾಗದ ಬಿಸಿ 10,000 ಕೆಲ್ವಿನ್ ದಾಟುತ್ತೆ. ಟಂಗ್‌ಸ್ಟನ್ ಕರಗೋದು 3,695 ಕೆಲ್ವಿನ್‌ಗೆ. ಹಾಗಿದ್ದೂ ನಳಿಕೆ ಕರಗಿ ಹೋಗಲ್ಲ. ಗೋಡೆಗೆ ಅಂಟಿಕೊಂಡು ಹರಿಯುವ ಅನಿಲದ ಪದರ ಅಷ್ಟು ಬಿಸಿಯಾಗಿರೋದಿಲ್ಲ, ಅದೇ ಗೋಡೆಯನ್ನು ಕಾಯೋದು.

ಇದರಲ್ಲೇ ಇಡೀ ಯಂತ್ರದ ಗುಟ್ಟಿದೆ. ಸಾಮಾನ್ಯ ರಾಕೆಟ್ಟಿನಲ್ಲಿ ಇಂಧನ ಉರಿದು ಎಷ್ಟು ಶಾಖ ಕೊಡುತ್ತೋ ಅಷ್ಟೇ, ಅದರ ಮೇಲೆ ಹೋಗೋಕಾಗಲ್ಲ. ಗೀಸರಿನ ಕಾಯಿಲಿನ ಹಾಗೆ ಬಿಸಿ ತಂತಿಗೆ ತಾಗಿಸಿ ಅನಿಲ ಕಾಯಿಸಿದರೆ, ತಂತಿ ತಡೆಯುವಷ್ಟೇ ಬಿಸಿ. ಆರ್ಕ್‌ಜೆಟ್ ಈ ಎರಡೂ ಗೆರೆ ದಾಟುತ್ತೆ. ಗೋಡೆಗಿಂತ ಅನಿಲವೇ ಹೆಚ್ಚು ಬಿಸಿಯಾಗಿರೋ ಯಂತ್ರ ಅದು.

ಜಾನ್ ವಿದ್ಯುತ್ ರಾಕೆಟ್ಟುಗಳನ್ನು ಮೂರು ಮನೆತನವಾಗಿ ವಿಂಗಡಿಸ್ತಾರೆ. ಅನಿಲವನ್ನು ವಿದ್ಯುತ್ತಿನಿಂದ ಕಾಯಿಸಿ ನಳಿಕೆಯಿಂದ ಉಗುಳುವುದು ಒಂದು. ಅಯಾನುಗಳನ್ನು ವಿದ್ಯುತ್ ಕ್ಷೇತ್ರದಿಂದ ನೇರವಾಗಿ ಎಳೆದು ಬಿಡುವುದು ಇನ್ನೊಂದು. ಕರೆಂಟು ಮತ್ತು ಕಾಂತಕ್ಷೇತ್ರ ಸೇರಿ ಪ್ಲಾಸ್ಮಾವನ್ನು ತಳ್ಳುವುದು ಮೂರನೆಯದು. ಈಗ ಈ ವಿಂಗಡಣೆ ಎಷ್ಟು ಸಹಜವಾಗಿದೆ ಅಂದ್ರೆ ಯಾರೋ ಕೂತು ಜೋಡಿಸಿದ್ದು ಅಂತ ಅನ್ನಿಸೋದೇ ಇಲ್ಲ. ಆರ್ಕ್‌ಜೆಟ್ ಇರೋದು ಮೊದಲ ಮನೆತನದಲ್ಲಿ, ಆರನೇ ಅಧ್ಯಾಯದಲ್ಲಿ. ನನ್ನ ಪ್ರಕಾರ ಇಡೀ ಪುಸ್ತಕದಲ್ಲಿ ಅತ್ಯುತ್ತಮ ಅಧ್ಯಾಯ ಅದೇ. ಎಂಟು ಮತ್ತು ಒಂಬತ್ತನೇ ಅಧ್ಯಾಯಗಳು ಜಾನ್ ಅವರ ಸ್ವಂತ ಹೊಲ, ಅಲ್ಲಿ ಅವರ ಉತ್ಸಾಹ ಹೆಚ್ಚು. ಆದರೆ ಆರರಲ್ಲಿ ಒಬ್ಬ ಲೆಕ್ಕಿಗನ ನಿಷ್ಠುರತೆ ಇದೆ. ಹಾಕಿದ ಶಕ್ತಿ ಎಲ್ಲಿಗೆ ಹೋಯ್ತು ಅನ್ನೋದೊಂದೇ ಅಲ್ಲಿನ ಪ್ರಶ್ನೆ.

ಉತ್ತರದಲ್ಲಿ ದೊಡ್ಡ ಪಾಲು 'ಫ್ರೋಜನ್ ಫ್ಲೋ' ಅನ್ನೋ ನಷ್ಟದ್ದು. ಇದನ್ನು ನಮ್ಮ ಬಸ್ಸಿನ ಲೆಕ್ಕದಲ್ಲಿ ಹೇಳೋದು ಸುಲಭ. ನೀವು ದೊಡ್ಡ ನೋಟು ಕೊಡ್ತೀರಿ. ಕಂಡಕ್ಟರ್ ಬಾಕಿ ಚಿಲ್ಲರೆಯನ್ನ ಟಿಕೆಟ್ಟಿನ ಹಿಂದೆ ಬರೆದು ಕೊಡ್ತಾನೆ, ಇಳಿಯುವಾಗ ತಗೊಳ್ಳಿ ಅಂತ. ನಿಮ್ಮ ಸ್ಟಾಪ್ ಬಂದುಬಿಡುತ್ತೆ, ಗಡಿಬಿಡಿಯಲ್ಲಿ ಇಳಿದುಬಿಡ್ತೀರಿ. ದುಡ್ಡು ಎಲ್ಲೂ ಕಳೆದಿಲ್ಲ, ಟಿಕೆಟ್ಟಿನ ಹಿಂದೆ ಬರೆದೇ ಇದೆ. ಆದರೆ ನಿಮ್ಮ ಕೈಗೆ ಬರಲಿಲ್ಲ. ಆರ್ಕಿನ ಬಿಸಿಗೆ ಅನಿಲದ ಅಣುಗಳು ಒಡೆದು ಪರಮಾಣುಗಳಾಗ್ತವೆ, ಕೆಲವು ಎಲೆಕ್ಟ್ರಾನನ್ನೂ ಕಳಕೊಳ್ತವೆ. ಒಂದು ಹೈಡ್ರೋಜನ್ ಅಣು ಒಡೆಯೋಕೆ ಸುಮಾರು 4.5 ಎಲೆಕ್ಟ್ರಾನ್ ವೋಲ್ಟ್ ಬೇಕು, ನೈಟ್ರೋಜನ್ನಿಗೆ ಅದರ ಎರಡರಷ್ಟಕ್ಕಿಂತ ಹೆಚ್ಚು. ಪರಮಾಣುಗಳು ಮತ್ತೆ ಕೂಡಿಕೊಂಡರೆ ಆ ಶಕ್ತಿ ವಾಪಸ್ ಸಿಗುತ್ತೆ. ಆದರೆ ನಳಿಕೆಯೊಳಗಿನ ಓಟ ಎಷ್ಟು ಜೋರು ಅಂದ್ರೆ ಅವಕ್ಕೆ ಕೂಡಿಕೊಳ್ಳೋ ಪುರಸೊತ್ತೇ ಇಲ್ಲ. ಒಡೆದ ಸ್ಥಿತಿಯಲ್ಲೇ ಹೊರಗೆ ಹಾರ್ತವೆ, ಬಾಕಿ ಚಿಲ್ಲರೆ ಸಮೇತ.

ಜಾನ್ ಇದನ್ನು ಹೇಳುವ ಕ್ರಮ ಗಮನಿಸಬೇಕಾದ್ದು. ಬೇರೆ ಯಾರಾದರೂ ಆಗಿದ್ದರೆ ಮೊದಲು ಆರ್ಕ್‌ಜೆಟ್ಟಿನ ಮಹಿಮೆ ಹಾಡಿ, ಆಮೇಲೆ ಕೊನೆಯಲ್ಲಿ ಒಂದು ಪ್ಯಾರಾದಲ್ಲಿ ಮಿತಿಗಳನ್ನು ಸೇರಿಸ್ತಿದ್ದರು. ಇಲ್ಲಿ ಹಾಗಲ್ಲ. ಮೊದಲು ಸರಳ ಮಾದರಿ, ಆಮೇಲೆ ಬಿಸಿ ಅನಿಲ ಶಕ್ತಿಯನ್ನು ಎಲ್ಲೆಲ್ಲಿ ಬಚ್ಚಿಟ್ಟುಕೊಳ್ಳುತ್ತೆ ಅನ್ನೋ ಲೆಕ್ಕ, ಆಮೇಲೆ ಈ ನಷ್ಟ. ಯಂತ್ರ ಬರೋದು ಇಷ್ಟೆಲ್ಲ ಆದ ಮೇಲೆ. ನಷ್ಟ ಮೊದಲು, ಯಂತ್ರ ಆಮೇಲೆ. ವಿಶೇಷಣಗಳಿಗೆ ಅವರು ಬಲು ಜಿಪುಣ, ಭವಿಷ್ಯವಾಣಿಗೆ ಇನ್ನೂ ಜಿಪುಣ. ಅಮೆರಿಕ ಚಂದ್ರನ ಕಡೆ ಓಡುತ್ತಿದ್ದ ದಿನಗಳಲ್ಲಿ, ಎಲ್ಲರ ಬಾಯಲ್ಲೂ ಮಂಗಳ ಇದ್ದಾಗ ಬರೆದ ಪುಸ್ತಕ ಇದು ಅನ್ನೋದನ್ನ ನೆನೆದರೆ ಆ ಜಿಪುಣತನದ ಬೆಲೆ ಗೊತ್ತಾಗುತ್ತೆ.

ನಮ್ಮಲ್ಲಿ ಇದೇ ವಿಷಯ ಬರೆಯೋದು ಹೇಗೆ? 2017ರ ಮೇ ತಿಂಗಳಲ್ಲಿ ಇಸ್ರೋದ ಜಿಸ್ಯಾಟ್-9 ವಿದ್ಯುತ್ ಥ್ರಸ್ಟರ್ ಹೊತ್ತು ಹೋದಾಗ ನಾನೂ ಒಂದು ಟಿಪ್ಪಣಿ ಬರೆದಿದ್ದೆ. ಈಗ ತೆಗೆದು ನೋಡಿದರೆ ನಾಚಿಕೆ ಆಗುತ್ತೆ. ಇನ್ನು ಮೇಲೆ ಇಂಧನವೇ ಬೇಡ, ಬಿಸಿಲಿದ್ದರೆ ಸಾಕು ಅನ್ನೋ ಅರ್ಥ ಬರೋ ಹಾಗೆ ಬರೆದಿದ್ದೇನೆ. ಉಗುಳೋಕೆ ಏನಾದರೂ ಬೇಕೇ ಬೇಕು, ಆ ಉಪಗ್ರಹದಲ್ಲಿ ಅದು ಕ್ಸೆನಾನ್. ವಿದ್ಯುತ್ತು ಮಾಡೋ ಉಪಕಾರ ಏನಂದ್ರೆ ಉಗುಳಿದ್ದನ್ನು ಜೋರಾಗಿ ಉಗುಳಿಸೋದು, ಹಾಗಾಗಿ ಕಡಿಮೆ ಉಗುಳಿದರೂ ಸಾಕಾಗೋದು, ಅಷ್ಟೇ. ಜಾನ್ ಅವರ ಮೊದಲ ಅಧ್ಯಾಯವನ್ನು ಸರಿಯಾಗಿ ಓದಿದವನು ಈ ತಪ್ಪು ಮಾಡೋ ಹಾಗಿಲ್ಲ. ನಾನು ಮಾಡಿದ್ದೆ.

ಇನ್ನು 1993ರ ವಿಷಯ. ಆ ವರ್ಷದ ಡಿಸೆಂಬರಿನಲ್ಲಿ ಟೆಲ್‌ಸ್ಟಾರ್ 401 ಅನ್ನೋ ಅಮೆರಿಕದ ಸಂಪರ್ಕ ಉಪಗ್ರಹ ಮೇಲೆ ಹೋಯಿತು. ಅದರಲ್ಲಿದ್ದ ಆರ್ಕ್‌ಜೆಟ್ಟುಗಳು ತಲಾ ಸುಮಾರು 1.8 ಕಿಲೋವ್ಯಾಟ್‌ನವು, ಹೈಡ್ರಜೀನ್ ಉಗುಳುವಂಥವು. ವ್ಯಾಪಾರಿ ಉಪಗ್ರಹವೊಂದು ಆರ್ಕ್‌ಜೆಟ್ಟನ್ನು ದಿನನಿತ್ಯದ ಕೆಲಸಕ್ಕೆ ಇಟ್ಟುಕೊಂಡಿದ್ದು ಅದೇ ಮೊದಲು. ನೂಕುಬಲ ಎಷ್ಟು ಗೊತ್ತೇ? ನ್ಯೂಟನ್ನಿನ ಐದನೇ ಒಂದು ಭಾಗದ ಆಸುಪಾಸು. ಅಂಗೈ ಮೇಲೆ ನಿಂಬೆಹಣ್ಣು ಇಟ್ಟರೆ ಅದು ಒತ್ತುವಷ್ಟೂ ಇಲ್ಲ. ಕೆಲಸವೂ ರೋಮಾಂಚಕ ಅಲ್ಲ. ಭೂಸ್ಥಿರ ಕಕ್ಷೆಯಲ್ಲಿ ಕೂತ ಉಪಗ್ರಹವನ್ನು ಸೂರ್ಯ ಚಂದ್ರರು ಸೇರಿ ಉತ್ತರಕ್ಕೂ ದಕ್ಷಿಣಕ್ಕೂ ಎಳೆದಾಡ್ತಾರೆ. ಅದನ್ನು ಮತ್ತೆ ಸಾಲಿಗೆ ತಂದು ನಿಲ್ಲಿಸೋಕೆ ವರ್ಷಕ್ಕೆ ಸುಮಾರು 50 ಮೀಟರ್/ಸೆಕೆಂಡ್ ವೇಗದಷ್ಟು ತಳ್ಳಬೇಕು. ವರ್ಷಾನುಗಟ್ಟಲೆ.

ಪೆನ್ಸಿಲ್ ಹಿಡಿದು ನಾನೇ ಹಾಕಿದ ಲೆಕ್ಕ ಇದು, ಒರಟು ಲೆಕ್ಕ. 15 ವರ್ಷಕ್ಕೆ 750 ಮೀಟರ್/ಸೆಕೆಂಡ್. ಅದೇ ಹೈಡ್ರಜೀನನ್ನು ಹಳೇ ಪದ್ಧತಿಯಲ್ಲಿ, ವೇಗವರ್ಧಕದ ಮೇಲೆ ಹಾಯಿಸಿ ಉಗುಳಿದರೆ ಹೊರಬೀಳುವ ವೇಗ ಸೆಕೆಂಡಿಗೆ ಸುಮಾರು 2,200 ಮೀಟರ್. ಆಗ ಉಪಗ್ರಹದ ಪ್ರತಿ 100 ಕೆಜಿಯಲ್ಲಿ ಸುಮಾರು 29 ಕೆಜಿ ಈ ಒಂದೇ ಕೆಲಸಕ್ಕೆ ಇಂಧನವಾಗಿ ಮೀಸಲು. ಆರ್ಕ್ ಹೊತ್ತಿಸಿದರೆ ವೇಗ 4,900ರ ಹತ್ತಿರ, ಮೀಸಲು 14 ಕೆಜಿ ಸಾಕು. ಅರ್ಧಕ್ಕರ್ಧ ಉಳಿತಾಯ. ಇನ್ನು ದಕ್ಷತೆ ನೋಡಿ. ನೂಕುಬಲವನ್ನು ವೇಗದಿಂದ ಗುಣಿಸಿ ಅರ್ಧ ಮಾಡಿದರೆ 500 ವ್ಯಾಟ್ ಚಿಲ್ಲರೆ ಬರುತ್ತೆ. ಹಾಕಿದ್ದು 1,800. ಅಂದ್ರೆ ನೂರಕ್ಕೆ ಮೂವತ್ತು. ಮೂರರಲ್ಲಿ ಎರಡು ಪಾಲು ಪೋಲು ಅಂತ ನಾನು ಬರೆದಿದ್ದು ಸುಳ್ಳಲ್ಲ. ಆದರೆ ಆ ಪೋಲನ್ನು ಯಾರ ಖಾತೆಗೆ ಬರೆಯಬೇಕು ಅನ್ನೋದು ನನಗೆ ಹೊಳೆದಿರಲಿಲ್ಲ.

ನನ್ನ ತಕರಾರು ಶುರುವಾಗೋದು ಇಲ್ಲಿಂದ. ಜಾನ್ ಅವರ ಮೊದಲ ಅಧ್ಯಾಯದಲ್ಲಿ ಒಂದು ಸೊಗಸಾದ ವಾದ ಬರುತ್ತೆ. ವೇಗ ಹೆಚ್ಚಿಸಿದಷ್ಟೂ ಇಂಧನ ಕಡಿಮೆ ಸಾಕು, ಆದರೆ ವಿದ್ಯುತ್ತು ಹೆಚ್ಚು ಬೇಕು. ವಿದ್ಯುತ್ತು ಹೆಚ್ಚಾದರೆ ಅದನ್ನು ತಯಾರಿಸುವ ಸ್ಥಾವರದ ತೂಕವೂ ಹೆಚ್ಚು. ಒಂದು ಇಳಿಯುತ್ತೆ, ಒಂದು ಏರುತ್ತೆ, ನಡುವೆ ಎಲ್ಲೋ ಒಂದು ಹದ. ಈ ತಕ್ಕಡಿಯಲ್ಲಿ ತೂಗಿದರೆ ದಕ್ಷತೆ ಕಡಿಮೆ ಇರೋ ಯಂತ್ರಕ್ಕೆ ಪೆಟ್ಟು ಖಂಡಿತ. ಪೋಲಾದ ಪ್ರತಿ ವ್ಯಾಟನ್ನೂ ತಯಾರಿಸೋಕೆ ಒಂದಿಷ್ಟು ಕಬ್ಬಿಣ ಹೊತ್ತುಕೊಂಡು ಹೋಗಬೇಕಲ್ಲ. ವಾದದಲ್ಲಿ ತಪ್ಪಿಲ್ಲ. ಆದರೆ ಈ ತಕ್ಕಡಿಯ ಕೆಳಗೆ ಒಂದು ಊಹೆ ಇದೆ: ಹಡಗು ಹುಟ್ಟಿರೋದೇ ಎಂಜಿನ್ನಿಗಾಗಿ. ವಿದ್ಯುತ್ ಸ್ಥಾವರ ಇರೋದೇ ಥ್ರಸ್ಟರಿಗಾಗಿ. ಗ್ರಹದಿಂದ ಗ್ರಹಕ್ಕೆ ಹೋಗುವ ದೊಡ್ಡ ನೌಕೆಯನ್ನು ಮನಸ್ಸಲ್ಲಿಟ್ಟುಕೊಂಡು ಯೋಚಿಸುತ್ತಿದ್ದ ಕಾಲದ ಊಹೆ ಅದು.

ಸಂಪರ್ಕ ಉಪಗ್ರಹ ಹಾಗಲ್ಲ. ಅಲ್ಲಿ ಕಿಲೋವ್ಯಾಟುಗಟ್ಟಲೆ ಕರೆಂಟು ಮೊದಲೇ ಇದೆ, ಟಿವಿ ಚಾನೆಲ್ಲುಗಳನ್ನು ಬಿತ್ತರಿಸೋಕೆ. ಬ್ಯಾಟರಿಗಳು ಮೊದಲೇ ಇವೆ, ಉಪಗ್ರಹ ಭೂಮಿಯ ನೆರಳಿಗೆ ಹೋಗುವ ದಿನಗಳಿಗೆ. ಅಂಥ ದಿನಗಳು ವರ್ಷದಲ್ಲಿ ಎರಡು ಋತು, ಒಂದೊಂದೂ ಸುಮಾರು ಒಂದೂವರೆ ತಿಂಗಳು, ಉಳಿದ ಕಾಲ ಬ್ಯಾಟರಿಗೆ ಬಹುತೇಕ ಬಿಡುವು. ಹೈಡ್ರಜೀನ್ ಟ್ಯಾಂಕೂ ಮೊದಲೇ ಇದೆ, ಬೇರೆ ಥ್ರಸ್ಟರುಗಳಿಗೆ. ಆರ್ಕ್‌ಜೆಟ್ ಈ ಮನೆಗೆ ಬಾಡಿಗೆಗೆ ಬಂದ ಒಂಟಿ ಜೀವದ ಹಾಗೆ ಬಂತು. ಅಡುಗೆಮನೆ ಇತ್ತು, ನೀರಿತ್ತು, ತನ್ನ ಹಾಸಿಗೆ ಒಂದನ್ನು ತಂದಿತು. ಅದು ಪೋಲು ಮಾಡಿದ ಕರೆಂಟಿಗೆ ಹೊಸ ಸ್ಥಾವರ ಬೇಕಾಗಲಿಲ್ಲ. ಇದರ ಮುಂದೆ ಅಯಾನ್ ಎಂಜಿನ್ ತರೋದಾದರೆ ಬೇರೆ ಅನಿಲ, ಬೇರೆ ಟ್ಯಾಂಕು, ಸಾವಿರ ವೋಲ್ಟಿನ ಬೇರೆ ವ್ಯವಸ್ಥೆ. ದಕ್ಷತೆಯಲ್ಲಿ ಅದು ಎಷ್ಟೋ ಮೇಲು. ಆದರೆ ಆ ಹೊತ್ತಿಗೆ, ಆ ಮನೆಗೆ, ಅದು ದೊಡ್ಡ ಸಂಸಾರ.

1968ರಲ್ಲಿ ಬರೆದವರಿಗೆ 1993 ಕಾಣಬೇಕಿತ್ತು ಅಂತ ನಾನು ಹೇಳ್ತಿಲ್ಲ. ಸಣ್ಣ ಹೈಡ್ರಜೀನ್ ಆರ್ಕ್‌ಜೆಟ್ಟನ್ನು ನಾಸಾದ ಲೂಯಿಸ್ ಕೇಂದ್ರದವರು ಮತ್ತು ರಾಕೆಟ್ ರಿಸರ್ಚ್ ಕಂಪನಿಯವರು ಪಟ್ಟು ಹಿಡಿದು ಪಳಗಿಸಿದ್ದೇ 1980ರ ದಶಕದಲ್ಲಿ. ಅಲ್ಲಿ ಅವರನ್ನು ಕಾಡಿದ ಸಮಸ್ಯೆಗಳಲ್ಲಿ ಒಂದು ಎಷ್ಟು ಮನೆಯ ಹತ್ತಿರದ್ದು ಅಂದ್ರೆ, ನಮ್ಮ ಹಳೇ ಟ್ಯೂಬ್‌ಲೈಟಿನದ್ದೇ. ಆರ್ಕ್ ಒಮ್ಮೆ ಹೊತ್ತಿಕೊಂಡರೆ ಕರೆಂಟು ಹೆಚ್ಚಾದಷ್ಟೂ ಅದಕ್ಕೆ ಬೇಕಾದ ವೋಲ್ಟೇಜು ಕಡಿಮೆಯಾಗ್ತಾ ಹೋಗುತ್ತೆ, ಕಡಿವಾಣ ಇಲ್ಲದಿದ್ದರೆ ಕೈತಪ್ಪುತ್ತೆ. ಟ್ಯೂಬ್‌ಲೈಟಿನಲ್ಲಿ ಆ ಕಡಿವಾಣ ಚೋಕ್. ಉಪಗ್ರಹದಲ್ಲಿ ಅಷ್ಟು ಭಾರದ ಚೋಕ್ ಹೊರೋಕಾಗಲ್ಲ, ಅದಕ್ಕೇ ಕರೆಂಟನ್ನು ಕ್ಷಣಕ್ಷಣಕ್ಕೂ ಹಿಡಿದು ಬಿಡುವ ಎಲೆಕ್ಟ್ರಾನಿಕ್ ಪೆಟ್ಟಿಗೆ ಬೇಕಾಯ್ತು. ಹೊತ್ತಿಸೋಕೆ ಬೇರೆಯೇ ಒಂದು ಹೈವೋಲ್ಟೇಜ್ ಏಟು. ಆ ಹೊತ್ತಿಕೊಳ್ಳುವ ಕ್ಷಣದಲ್ಲೇ ಕ್ಯಾಥೋಡ್ ತುದಿ ಸವೆಯುವ ಅಪಾಯ. ಇವೆಲ್ಲ ಸಂಶೋಧನಾ ಲೇಖನಗಳಲ್ಲಿ ಒಣಒಣಗಿ ದಾಖಲಾಗಿವೆ, ಆದರೆ ಯಂತ್ರ ಗೆದ್ದಿದ್ದು ಇಂಥ ಕಡೆಯಲ್ಲಿ. ನನ್ನ ತಕರಾರು ಇಷ್ಟೇ: ಪುಸ್ತಕ ಯಂತ್ರದೊಳಗಿನ ಸೋರಿಕೆಯನ್ನು ಬಿಡದೆ ಬೆನ್ನಟ್ಟುತ್ತೆ, ಯಂತ್ರ ಯಾರ ಮನೆಯಲ್ಲಿ ಇರುತ್ತೆ ಅಂತ ಕೇಳೋದಿಲ್ಲ.

ಮನೆ ಮುಖ್ಯ ಅನ್ನೋದಕ್ಕೆ ಉಲ್ಟಾ ಉದಾಹರಣೆಯೂ ಇದೆ. 1960ರ ದಶಕದ ಕನಸು ಸಣ್ಣ ಆರ್ಕ್‌ಜೆಟ್ ಅಲ್ಲ, ಹತ್ತಾರು ಕಿಲೋವ್ಯಾಟಿನ ದೊಡ್ಡ ಆರ್ಕ್‌ಜೆಟ್. ಅದು ಕೊನೆಗೂ ಆಕಾಶಕ್ಕೆ ಹೋಗಿದ್ದು 1999ರಲ್ಲಿ, ಅಮೆರಿಕದ ವಾಯುಪಡೆಯ ಎಸೆಕ್ಸ್ ಪ್ರಯೋಗದಲ್ಲಿ. ಆರ್ಗೋಸ್ ಉಪಗ್ರಹದ ಮೇಲೆ 26 ಕಿಲೋವ್ಯಾಟಿನ ಅಮೋನಿಯಾ ಆರ್ಕ್‌ಜೆಟ್. ಎಂಟು ಸಲ ಹೊತ್ತಿಸಿದರು, ಎಲ್ಲಾ ಸೇರಿ ಅರ್ಧ ಗಂಟೆ ದಾಟಿ ಸ್ವಲ್ಪ. ಆರ್ಕು ಹೇಳಿದ ಹಾಗೆ ಕೇಳಿತು. ಕೈಕೊಟ್ಟಿದ್ದು ಅದಕ್ಕೆಂದೇ ಹೊತ್ತೊಯ್ದಿದ್ದ ಬ್ಯಾಟರಿ. ಅಷ್ಟಕ್ಕೇ ಪ್ರಯೋಗ ಮುಗಿಯಿತು. ಆರನೇ ಅಧ್ಯಾಯದ ಯಾವ ಸಮೀಕರಣವೂ ಇಲ್ಲಿ ಸೋತಿಲ್ಲ.

ಈಗ ಒಂದು ಮುಜುಗರದ ಮಾತು. ಜಾನ್ ಹೆಸರು ಎತ್ತಿದರೆ ಕೆಲವರು ನಗ್ತಾರೆ. ಇದೇ ಮನುಷ್ಯ 1971ರಿಂದ 1986ರವರೆಗೆ ಪ್ರಿನ್ಸ್‌ಟನ್ ವಿಶ್ವವಿದ್ಯಾಲಯದ ಎಂಜಿನಿಯರಿಂಗ್ ಶಾಲೆಯ ಡೀನ್ ಆಗಿದ್ದರು, ಅದರ ನಡುವೆಯೇ, 1979ರಲ್ಲಿ, ಮನಸ್ಸಿನ ಇಚ್ಛೆ ಯಂತ್ರಗಳ ಮೇಲೆ ಪ್ರಭಾವ ಬೀರುತ್ತಾ ಅಂತ ಪರೀಕ್ಷಿಸುವ 'ಪೇರ್' ಅನ್ನೋ ಪ್ರಯೋಗಾಲಯ ತೆರೆದರು. 2007ರಲ್ಲಿ ಮುಚ್ಚುವವರೆಗೂ ನಡೆಸಿದರು. ಲಕ್ಷಾಂತರ ಸಲ ಓಡಿಸಿದ ಯಂತ್ರಗಳ ಫಲಿತಾಂಶದಲ್ಲಿ ಕೂದಲೆಳೆಯ ವಾಲುವಿಕೆ ಇದೆ ಅಂತ ಅವರ ವಾದ. ವಿಜ್ಞಾನಿಗಳ ಬಹುಪಾಲು ಒಪ್ಪಲಿಲ್ಲ, ಬೇರೆಯವರು ಮಾಡಿ ನೋಡಿದಾಗ ಆ ವಾಲುವಿಕೆ ಕಾಣಲೂ ಇಲ್ಲ. ನಾನೂ ಒಪ್ಪದವರ ಕಡೆಯವನೇ. ಹಾಗಾದರೆ ಈ ಪುಸ್ತಕವನ್ನು ನಂಬೋದು ಹೇಗೆ ಅಂತ ಗೆಳೆಯನೊಬ್ಬ ಕೇಳಿದ. ನಂಬೋ ಪ್ರಶ್ನೆಯೇ ಇಲ್ಲಿ ಇಲ್ಲ ಕಣೋ, ಪ್ರತಿ ಹೆಜ್ಜೆಯನ್ನೂ ನೀನೇ ಮಾಡಿ ನೋಡಬಹುದು ಅಂದೆ.

ಆದರೆ ಪ್ರಶ್ನೆ ಅಲ್ಲಿಗೆ ಬಿಡಲಿಲ್ಲ ನನ್ನನ್ನ. ಯಾಕಂದ್ರೆ ಸಣ್ಣ ಅಳತೆ ಹೇಗೆ ಮೋಸ ಮಾಡುತ್ತೆ ಅನ್ನೋದಕ್ಕೆ ಆರ್ಕ್‌ಜೆಟ್ ಕ್ಷೇತ್ರದಲ್ಲೇ ಒಂದು ಪ್ರಸಿದ್ಧ ಪ್ರಸಂಗ ಇದೆ. 1964ರಲ್ಲಿ ಅಡ್ರಿಯಾನೊ ಡುಕಾಟಿ ಮತ್ತು ಜೊತೆಗಾರರು ಆರ್ಕ್‌ಜೆಟ್ಟಿನಲ್ಲಿ ಅನಿಲದ ಹರಿವನ್ನು ತೀರಾ ಇಳಿಸಿ ನೋಡಿದರು. ಲೆಕ್ಕ ಹಾಕಿದರೆ ಸ್ಪೆಸಿಫಿಕ್ ಇಂಪಲ್ಸ್ 10,000 ಸೆಕೆಂಡಿನವರೆಗೆ ಬಂತು. ಅಂದ್ರೆ ಹೊರಬೀಳುವ ವೇಗ ಸೆಕೆಂಡಿಗೆ ನೂರು ಕಿಲೋಮೀಟರಿನ ಹತ್ತಿರ. ಬರೀ ಶಾಖದಿಂದ ಆಗೋ ಮಾತಲ್ಲ. ಆಮೇಲೆ ತಿಳಿದದ್ದು ಎರಡು ವಿಷಯ. ಒಂದು, ನಿರ್ವಾತ ಕೋಣೆಯಲ್ಲಿ ಉಳಿದಿದ್ದ ಅನಿಲವೂ ಸೇರಿಕೊಂಡು ತಳ್ಳಲ್ಪಡುತ್ತಿತ್ತು, ಲೆಕ್ಕಕ್ಕೆ ಹಿಡಿದದ್ದು ಪೈಪಿನಿಂದ ಬಿಟ್ಟಷ್ಟನ್ನು ಮಾತ್ರ. ಎರಡು, ಇದನ್ನೆಲ್ಲ ಕಳೆದ ಮೇಲೂ ಅಲ್ಲಿ ನಿಜವಾದ ಹೊಸದೊಂದು ಇತ್ತು: ಕರೆಂಟು ತನ್ನದೇ ಕಾಂತಕ್ಷೇತ್ರದ ಜೊತೆ ಸೇರಿ ಪ್ಲಾಸ್ಮಾವನ್ನು ನೂಕುತ್ತಿತ್ತು. ಆ ಎರಡನೆಯದರ ಹಿಂದೆ ಹೋದವರಲ್ಲಿ ಜಾನ್ ಮತ್ತು ಅವರ ಪ್ರಿನ್ಸ್‌ಟನ್ ಪ್ರಯೋಗಾಲಯ ಮುಂಚೂಣಿಯಲ್ಲಿದ್ದರು. ಕೋಣೆಯ ಅನಿಲ ಹೇಗೆ ಕಳ್ಳತನದಿಂದ ಲೆಕ್ಕದೊಳಗೆ ನುಗ್ಗುತ್ತೆ ಅನ್ನೋದನ್ನ ಅಷ್ಟು ಹತ್ತಿರದಿಂದ ಕಂಡ ಮನುಷ್ಯ, ಹತ್ತು ಹದಿನೈದು ವರ್ಷದ ಮೇಲೆ ಕೂದಲೆಳೆಯ ವಾಲುವಿಕೆಯೊಂದನ್ನು ಎದೆಗವಚಿಕೊಂಡರು. ಡುಕಾಟಿ ಪ್ರಸಂಗದ ಎರಡನೇ ಅರ್ಧ, ಅಂದರೆ ತಪ್ಪಿನೊಳಗೇ ಒಂದು ನಿಜ ಅಡಗಿತ್ತು ಅನ್ನೋದು, ಅವರ ಮನಸ್ಸಿನಲ್ಲಿ ಹೆಚ್ಚು ಕಾಲ ಉಳಿದಿತ್ತೇನೋ. ಇದು ನನ್ನ ಊಹೆ.

ಜೊತೆಗೆ ಓದಲೇಬೇಕಾದದ್ದು ಅದೇ ಪ್ರಯೋಗಾಲಯವನ್ನು ಮುಂದೆ ನಡೆಸಿದ ಎಡ್ಗರ್ ಶುವೇರಿ 2004ರಲ್ಲಿ ಪ್ರಕಟಿಸಿದ ವಿಮರ್ಶಾತ್ಮಕ ಇತಿಹಾಸ, ಈ ಕ್ಷೇತ್ರದ ಮೊದಲ ಐವತ್ತು ವರ್ಷಗಳದ್ದು, 1906ರಿಂದ 1956. ರಾಬರ್ಟ್ ಗೊಡಾರ್ಡ್ 1906ರಲ್ಲಿ ತಮ್ಮ ನೋಟ್‌ಬುಕ್ಕಿನಲ್ಲಿ ಬರೆದಿಟ್ಟ ಯೋಚನೆಯಿಂದ ಅದು ಹೊರಡುತ್ತೆ. ಲೆನಿನ್‌ಗ್ರಾಡಿನಲ್ಲಿ ವಾಲೆಂಟಿನ್ ಗ್ಲುಷ್ಕೊ 1929ರ ನಂತರ ತಂತಿಗಳನ್ನು ಕರೆಂಟಿನಿಂದ ಸಿಡಿಸಿ ನೂಕುಬಲ ಪಡೆಯಲು ನೋಡಿದ್ದು, ಆಮೇಲೆ ಅದನ್ನು ಬದಿಗಿಟ್ಟು ದ್ರವ ಇಂಧನದ ರಾಕೆಟ್ಟುಗಳ ಕಡೆ ಹೊರಳಿದ್ದು ಎಲ್ಲ ಅಲ್ಲಿದೆ. ವಿದ್ಯುತ್ತಿನಿಂದ ಕಾಯಿಸುವ ಮನೆತನವೇ ಕೈಗೂಸಾಗಿ ಮೊದಲು ಪ್ರಯೋಗಾಲಯಕ್ಕೆ ಬಂದದ್ದು ಅನ್ನೋದು ನನಗೆ ಅದರಿಂದಲೇ ತಿಳಿದಿದ್ದು. ಈ ಕ್ಷೇತ್ರದ ಕಾಲಘಟ್ಟಗಳನ್ನು ಗುರುತಿಸುವಾಗ ಶುವೇರಿ ಬಳಕೆಯ ಯುಗ ಶುರುವಾದದ್ದು 1993ರಿಂದ ಅಂತ ಗೆರೆ ಎಳೆಯುತ್ತಾರೆ. ಫೋನಿನಲ್ಲಿ ಹಿರಿಯರು ಹೇಳಿದ ಇಸವಿ. ಗೆರೆಯನ್ನು ಅಯಾನ್ ಎಂಜಿನ್ನಿನ ಯಾವ ಸಾಹಸಕ್ಕೂ ಕಾಯದೆ ಎಳೆದಿದ್ದಾರೆ. ಡೀಪ್ ಸ್ಪೇಸ್ 1 ಹೊರಟಿದ್ದು ಅದಕ್ಕೂ ಐದು ವರ್ಷ ಆಮೇಲೆ.

ಇವತ್ತು ಹೊಸ ಉಪಗ್ರಹಗಳಲ್ಲಿ ಕ್ಸೆನಾನ್ ಥ್ರಸ್ಟರುಗಳದ್ದೇ ಕಾರುಬಾರು, ಆರ್ಕ್‌ಜೆಟ್ ಹಿಂದೆ ಸರಿದಿದೆ, ನಿಜ. ಆದರೆ ಮೂಲೆ ಸೇರಿತು ಅನ್ನೋ ನನ್ನ ಹಳೇ ಸಾಲು ತಪ್ಪು. ಮೊದಲು ಕೆಲಸಕ್ಕೆ ಸೇರಿ, ದುಡಿದು, ಆಮೇಲೆ ಜಾಗ ಬಿಟ್ಟುಕೊಟ್ಟಿತು ಅನ್ನಬೇಕಿತ್ತು.

ಪುಸ್ತಕ 2006ರಲ್ಲಿ ಡೋವರ್‌ನವರ ಅಗ್ಗದ ಮರುಮುದ್ರಣದಲ್ಲಿ ಬಂದಿದೆ. ಬಿಎಸ್ಸಿ ಮಟ್ಟದ ಭೌತಶಾಸ್ತ್ರ ನೆನಪಿದ್ದರೆ ಒಂದನೇ ಅಧ್ಯಾಯ ಓದಿ, ಎರಡರಿಂದ ಐದರವರೆಗೆ ಕಣ್ಣಾಡಿಸಿ, ಆರಕ್ಕೆ ಬಂದು ಕೂರಿ. ಅಧ್ಯಾಯದ ಕೊನೆಯ ಲೆಕ್ಕಗಳನ್ನು ಬಿಡಬೇಡಿ. ನಾನು ಮೊದಲ ಸಲ ಬಿಟ್ಟಿದ್ದೆ.